ಕೂಸಿಗೆ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿತಿ ಇರಲಾರಳು. ಮಗಳಿಗೆ ಗಂಡು ಗೊತ್ತಾಗುವ ಮೊದಲೇ ಛತ್ರ ವಿಚಾರಿಸುವವರಿಗೆ, ಮನೆಯ ಪಂಚಾಂಗ ಏಳುವ ಮೊದಲೇ ಕಿಟಕಿಯ ಪರದೆ ಆರಿಸುವವರಿಗೆ, ಪರೀಕ್ಷೆಗೆ ಮೊದಲೇ ಮಗನನ್ನು ಡಾಕ್ಟರನೆಂದು ಕರೆಯುವವರಿಗೆ ಈ ಗಾದೆಯ ಏಟು ಬಿದ್ದೇ ಬೀಳುತ್ತದೆ. ಕೇಳಿದವರು ನಗುತ್ತಾರೆ. ಏಟು ತಿಂದವರೂ ಪೆಚ್ಚಾಗಿ ನಗುತ್ತಾರೆ. ಆದರೆ ಗಾದೆಯನ್ನು ಅಕ್ಷರಶಃ ನಡೆಸಿ ತೋರಿಸುವ ಒಂದು ವರ್ಗದ ಹೆಂಗಸರು ನಮ್ಮ ನಡುವೆ ಇದ್ದಾರೆ. ಅವರು ನಿಜವಾಗಿಯೂ ಕೂಸಿಗೆ ಮುನ್ನ ಕುಲಾವಿ ಮಾಡಿಡುತ್ತಾರೆ. ಕೈಯಲ್ಲಿ ಎರಡು ಹೆಣಿಗೆಯ ಕಡ್ಡಿ, ಇಲ್ಲವೇ ಒಂದು ಕ್ರೋಶದ ಕಡ್ಡಿ, ಮಡಿಲಲ್ಲಿ ನೂಲಿನ ಉಂಡೆ, ತಲೆಯಲ್ಲಿ ಮುಂದಿನ ವರ್ಷದ ಲೆಕ್ಕ. ನಾನೂ ಅದೇ ವರ್ಗದವಳಾದ್ದರಿಂದ ಈ ಗಾದೆಯ ಜೊತೆ ನನಗೊಂದು ಹಳೆಯ ಜಗಳ ಉಂಟು.

ನಮ್ಮ ಊರಿನಲ್ಲಂತೂ ಈ ನಗುವಿಗೆ ಇನ್ನೂ ಒಂದು ಕಾರಣ ಇದೆ. ಕಾಪುವಿನ ದೀಪಸ್ತಂಭದಿಂದ ಹಿಡಿದು ಕಾರ್ಕಳದ ಗೊಮ್ಮಟಬೆಟ್ಟದವರೆಗೆ ವರ್ಷದ ಹೆಚ್ಚಿನ ದಿನ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುವುದೇ ಒಂದು ಕೆಲಸ. ಉಡುಪಿಯ ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಪಕ್ಕದಲ್ಲಿ ರವಿಕೆಯ ಕಣ ನೋಡುತ್ತಿದ್ದವರು ತಿರುಗಿ ನೋಡುತ್ತಾರೆ. "ಈ ಸೆಕೆಯಲ್ಲಿ ಎಂತ ಸ್ವೆಟರ್ ಟೀಚರೇ?" ಎಂದು ಗುರುತಿನವರು ಕೇಳಿಯೇ ಕೇಳುತ್ತಾರೆ. ಆದರೂ ಹೆಣೆಯುವವರು ಹೆಣೆಯುತ್ತಲೇ ಇದ್ದಾರೆ. ಆಟಿ ತಿಂಗಳ ಮಳೆಯಲ್ಲಿ ಹುಟ್ಟಿದ ಮಗುವಿಗೆ ಕುಲಾವಿ ಬೇಕು. ಡಿಸೆಂಬರಿನ ಬೆಳಗಿನ ಜಾವ ಎದ್ದು ಕೂರುವ ಅಜ್ಜನಿಗೆ ಕಿವಿ ಮುಚ್ಚುವ ಟೊಪ್ಪಿ ಬೇಕು. ಬೆಂಗಳೂರಿನಲ್ಲೋ ದೂರದೇಶದಲ್ಲೋ ಇರುವ ಮಕ್ಕಳಿಗೆ ಸ್ವೆಟರು ಬೇಕು. ಇದಾವುದೂ ಇಲ್ಲದಿದ್ದರೆ ಹತ್ತಿಯ ನೂಲಿನಲ್ಲಿ ಕ್ರೋಶ ಹಾಕಿ ಟೀಪಾಯಿಗೊಂದು, ಟೀವಿಗೊಂದು, ಮಿಕ್ಸಿಗೊಂದು ಹೊದಿಕೆ ಮಾಡಿ, ಮನೆಯ ಗಂಡಸರು ಎಲ್ಲಿ ಲೋಟ ಇಡುವುದೆಂದು ತಿಳಿಯದೆ ನಿಲ್ಲುವ ಹಾಗೆ ಮಾಡಬಹುದು!

ಕಡ್ಡಿಯ ಈ ಹೆಣಿಗೆ ಮೂಲದಲ್ಲಿ ನಮ್ಮದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಕರಾವಳಿಯಲ್ಲಿ ನಡೆಸಿದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಕೆಲಸವೂ ಒಂದು ಪಾಠವಾಗಿತ್ತು. ನಾವು ಶಾಲೆಗೆ ಹೋಗುವ ಕಾಲಕ್ಕೆ ಅದು ಕ್ರಾಫ್ಟ್ ಪೀರಿಯಡ್ ಎಂಬ ಹೆಸರಿನಲ್ಲಿ ಉಳಿದಿತ್ತು. ಆದರೆ 'ಹೆಣೆ' ಎಂಬ ಮಾತು ಮಾತ್ರ ನಮ್ಮದೇ. ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಜಡೆ ಹೆಣೆಯುತ್ತೇವೆ, ಕಡಲ ಬದಿಯಲ್ಲಿ ಬಲೆ ಹೆಣೆಯುತ್ತಾರೆ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಮನೆಮನೆಯ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ಏಪ್ರಿಲ್ ಬಂತೆಂದರೆ ಮಡಲು, ಕಟ್ಟಿಗೆ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಂದು ಹೆಂಗಸರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಇವೆಲ್ಲ ನಾಳೆಗಾಗಿ ಇಂದು ಮಾಡುವ ಕೆಲಸಗಳೇ. ಆದರೆ ಇದನ್ನು ನೋಡಿ ಯಾರಾದರೂ ನಕ್ಕದ್ದುಂಟೇ? ಮಡಲು ಹೆಣೆಯದವಳನ್ನೇ ಬೈಯುತ್ತಿದ್ದರು.

ಹಾಗಾದರೆ ಗಾದೆ ನಗುವುದು ಯಾವುದಕ್ಕೆ? ಮುಂದಾಲೋಚನೆಗೆ ಅಲ್ಲ ಎಂದಾಯಿತು. ಮಳೆ ಬಂದೇ ಬರುತ್ತದೆ, ನಾಲ್ಕು ದಿನ ಹಿಂದೆ ಮುಂದೆ ಆಗಬಹುದು ಅಷ್ಟೆ. ಕೂಸಿನ ಮಾತು ಹಾಗಲ್ಲ. ಅದು ಬರಬಹುದು, ಬಾರದಿರಬಹುದು. ಬಂದದ್ದು ಉಳಿಯಬಹುದು, ಉಳಿಯದಿರಬಹುದು. ಬರುವುದು ನಿಶ್ಚಯವಿಲ್ಲದ್ದನ್ನು ಬಂದೇ ಬಿಟ್ಟಿತೆಂದು ನಂಬಿ ನಡೆದುಕೊಳ್ಳುವುದಕ್ಕೆ ಗಾದೆ ಬೆರಳು ತೋರಿಸುತ್ತಿದೆ. ಅಲ್ಲಿಗೆ ಪ್ರಶ್ನೆ ನೂಲಿನದ್ದು ಮಾತ್ರವಾಗಿ ಉಳಿಯುವುದಿಲ್ಲ. ನಾಳೆಯ ಮೇಲೆ ನಮಗೆ ಎಷ್ಟು ಹಕ್ಕು ಉಂಟು? ಇನ್ನೂ ಬಾರದವರಿಗಾಗಿ ನೂಲು ಕೊಳ್ಳುವುದು ಪ್ರೀತಿಯೋ, ಅಹಂಕಾರವೋ?

ಉತ್ತರ ಹುಡುಕಲು ನೂಲಿನ ಅಂಗಡಿಗೇ ಹೋಗುವುದು ಒಳ್ಳೆಯದು. ಲೂಧಿಯಾನದಿಂದ ಬಂದ ವರ್ಧಮಾನ್, ಓಸ್ವಾಲ್ ಉಲ್ಲನ್ನಿನ ಲಡಿಗಳು, ಆಂಕರ್ ಕ್ರೋಶದ ಹತ್ತಿಯ ಉಂಡೆಗಳು ಅಂಗಡಿಯವರ ಹಿಂದಿನ ಕಪಾಟಿನಲ್ಲಿ ಕೂತಿರುತ್ತವೆ. ನೋಡಿದೊಡನೆ ಕಣ್ಣು ಬಣ್ಣಕ್ಕೆ ಹೋಗುತ್ತದೆ. ಆದರೆ ಪಳಗಿದ ಹೆಂಗಸು ಮೊದಲು ನೋಡುವುದು ಲಡಿಗೆ ಸುತ್ತಿದ ಚೀಟಿಯನ್ನು. ಅದರಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಎಂದು ಇನ್ನೊಂದು ಇರುತ್ತದೆ. ಒಂದೇ ಸಲ ಒಂದೇ ಕೊಪ್ಪರಿಗೆಯಲ್ಲಿ ಅದ್ದಿದ ನೂಲಿಗೆ ಒಂದು ಲಾಟು. ಬಣ್ಣದ ನಂಬರ್ ಒಂದೇ ಆಗಿದ್ದರೂ ಲಾಟು ಬೇರೆಯಾದರೆ ಛಾಯೆ ಕೂದಲೆಳೆಯಷ್ಟು ಬೇರೆಯಾಗಿರಬಹುದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಕಾಣುವುದಿಲ್ಲ. ಹೆಣೆದು ಮುಗಿಸಿ ಬಿಸಿಲಿಗೆ ಹಿಡಿದಾಗ ಬೆನ್ನಿನ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆದ್ದರಿಂದ ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಲಾಟಿನಿಂದ ಕೊಳ್ಳಬೇಕು. ಸ್ವಲ್ಪ ತೆಗೆದುಕೊಂಡು ಹೋಗಿ ನೋಡುವ, ಆಮೇಲೆ ಬೇಕಾದರೆ ಬರುವ ಎಂಬ ಜಾಣತನ ಇಲ್ಲಿ ನಡೆಯುವುದಿಲ್ಲ.

ಎಷ್ಟು ಬೇಕೆಂದು ಹೇಳಬೇಕಾದರೆ ಯಾರಿಗೆ, ಎಷ್ಟು ದೊಡ್ಡದು, ಯಾವ ದಪ್ಪದ ನೂಲು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರಬೇಕು. ಎಳೆಮಗುವಿನ ಕುಲಾವಿಗೆ 25 ಗ್ರಾಮಿನ ಒಂದು ಉಂಡೆ ಸಾಕು. ವರ್ಷದ ಮಗುವಿನ ಸ್ವೆಟರಿಗೆ ಸುಮಾರು 150 ಗ್ರಾಂ ಬೇಕಾದೀತು. ದೊಡ್ಡವರದ್ದಾದರೆ 400ರಿಂದ 500 ಗ್ರಾಂ. ಅದಕ್ಕೂ ಮೊದಲು ನಾಲ್ಕು ಅಂಗುಲದ ಒಂದು ಚೌಕ ಹೆಣೆದು ಎಷ್ಟು ಕುಣಿಕೆ ಬರುತ್ತದೆಂದು ಎಣಿಸಬೇಕು. ಪುಸ್ತಕದವರು ನಾಲ್ಕು ಅಂಗುಲಕ್ಕೆ 22 ಕುಣಿಕೆ ಎಂದು ಲೆಕ್ಕ ಹಾಕಿ 36 ಅಂಗುಲದ ಸುತ್ತಳತೆಗೆ 198 ಕುಣಿಕೆ ಎಂದಿರುತ್ತಾರೆ. ನಮ್ಮ ಕೈ ಬಿಗಿಯಾಗಿ ನಾಲ್ಕು ಅಂಗುಲಕ್ಕೆ 24 ಬಂದರೆ ಅದೇ 198 ಕುಣಿಕೆ 33 ಅಂಗುಲಕ್ಕೇ ಮುಗಿಯುತ್ತದೆ. ಮೂರು ಅಂಗುಲ ಎಲ್ಲಿಗೆ ಹೋಯಿತೆಂದು ಹುಡುಕಿದರೆ ಸಿಗುವುದಿಲ್ಲ. ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು, "ನಿಮ್ಮ ಕನ್ನಡ ತರಗತಿಯಲ್ಲಿ ತ್ರೈರಾಶಿ ಶುರುವಾಯಿತೋ?" ಎಂದು ನಕ್ಕಿದ್ದರು.

ಲೆಕ್ಕಕ್ಕಿಂತ ಮುಖ್ಯವಾದದ್ದು ಇನ್ನೊಂದು ಉಂಟು. ನೂಲು ಆರಿಸುವಾಗ ನಾವು ಒಬ್ಬ ಮನುಷ್ಯನನ್ನು ಕುರಿತು, ಬಹುಶಃ ಎದುರಿಗೆ ಕೂತಾಗಲೂ ಯೋಚಿಸದಷ್ಟು, ಯೋಚಿಸುತ್ತೇವೆ. ಅತ್ತೆಯವರಿಗೆ ತೋಳು ಮೇಲೆತ್ತಲು ಆಗುವುದಿಲ್ಲ, ಆದ್ದರಿಂದ ಮುಂದೆ ತೆರೆಯುವ ಹಾಗೆ ಮಾಡಬೇಕು, ಗುಂಡಿ ದೊಡ್ಡದಿರಬೇಕು. ಅಣ್ಣನಿಗೆ ಉಣ್ಣೆ ತಾಗಿದರೆ ತುರಿಕೆ, ಹತ್ತಿ ಬೆರೆತದ್ದೇ ಆಗಬೇಕು. ಒಲೆಯ ಬದಿಯಲ್ಲಿ ಓಡಾಡುವವರಿಗೆ ಅಕ್ರಿಲಿಕ್ ಬೇಡ, ಅದು ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಎಳೆಮಗುವಿಗೆ ರೋಮ ಏಳುವ ನೂಲು ಬೇಡ, ಮೂಗಿಗೆ ಹೋದೀತು. ತೂತುತೂತಿನ ವಿನ್ಯಾಸ ಬೇಡ, ಬೆರಳು ಸಿಕ್ಕಿಕೊಂಡೀತು. ಒಬ್ಬರ ಭುಜ, ಬೆರಳು, ಚರ್ಮ, ಅವರು ದಿನ ಕಳೆಯುವ ಜಾಗ, ಇಷ್ಟನ್ನೂ ಮನಸ್ಸಿಗೆ ತಂದುಕೊಂಡ ಮೇಲೆಯೇ ನೂಲು ಕೈಗೆ ಬರುವುದು. ಇದು ಪ್ರೀತಿಯಲ್ಲದಿದ್ದರೆ ಪ್ರೀತಿಗೆ ಬೇರೆ ಅರ್ಥ ನನಗೆ ತಿಳಿಯದು. ಯೋಜನೆ ಹಾಕುವುದರ ಒಳ್ಳೆಯತನ ಇಲ್ಲಿದೆ.

ಅದರ ಕೇಡು ಇರುವುದು ಕಪಾಟಿನಲ್ಲಿ. ಹೆಣೆಯುವವರ ಮನೆಗಳಲ್ಲಿ ಒಂದು ಟ್ರಂಕೋ, ಕಪಾಟಿನ ಕೆಳಗಿನ ಖಾನೆಯೋ ಮುಂದೆ ಮಾಡಲಿರುವ ಕೆಲಸಗಳಿಗೆಂದೇ ಮೀಸಲು. ನೂಲನ್ನು ತಂದು ಒಳಗಿಟ್ಟ ಕ್ಷಣಕ್ಕೆ ಒಂದು ತೃಪ್ತಿ ಬರುತ್ತದೆ. ಆ ತೃಪ್ತಿ ಬಲು ಮೋಸದ್ದು. ಹೆಣೆದು ಕೊಟ್ಟಾಗ ಬರಬೇಕಾದ ಸಂತೋಷದಲ್ಲಿ ಅರ್ಧವನ್ನು ಅದು ಮುಂಗಡವಾಗಿ ಕೊಟ್ಟುಬಿಡುತ್ತದೆ. ಅರ್ಧ ಸಿಕ್ಕಿದ ಮೇಲೆ ಕೈಗೆ ಅವಸರವಿಲ್ಲ. ಮಳೆಗಾಲ ಬರುತ್ತದೆ, ನಮ್ಮ ಊರಿನ ಮಳೆಗಾಲ, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಸುವ ಮಳೆಗಾಲ. ನೂಲಿಗೂ ಅದೇ ಗತಿ. ನುಸಿಗುಳಿಗೆ ಹಾಕಿಟ್ಟರಾಯಿತು ಎಂದು ಕೆಲವರು ಅಂದುಕೊಳ್ಳುತ್ತಾರೆ. ಆದರೆ ಮಗುವಿನ ಬಟ್ಟೆಯ ಹತ್ತಿರ ಅದನ್ನು ಸುಳಿಯಗೊಡಬಾರದು. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆ ಇರುವ ಶಿಶುಗಳಿಗೆ ಆ ವಾಸನೆಯೇ ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಒಣಗಿದ ಬೇವಿನ ಎಲೆ ಇಡಬಹುದು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಬಹುದು. ಅದಕ್ಕಿಂತ ಒಳ್ಳೆಯದು ಹೆಣೆದುಬಿಡುವುದು.

ಸಂಕಲ್ಪವನ್ನೇ ಕೆಲಸವೆಂದು ಎಣಿಸುವ ಈ ರೋಗ ನೂಲಿನವರಿಗೆ ಮಾತ್ರ ಅಂಟಿದ್ದಲ್ಲ. ಅದಕ್ಕೆ ಮದ್ದು ಹುಡುಕಿದವರೂ ಇದ್ದರು, ಅದೂ ನೂಲಿನಲ್ಲೇ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕು, ತಾವೇ ನೂತದ್ದು, ಆಗದವರು ಬೇರೆಯವರಿಂದ ನೂಲಿಸಿದ್ದು, ಎಂಬ ನಿಯಮ ಬಂತು. ದೇಶಪ್ರೇಮ ಎಷ್ಟಿದೆ ಎಂದು ಕೇಳಿದರೆ ಎಲ್ಲರೂ ಎದೆ ತಟ್ಟಿ ಹೇಳುತ್ತಾರೆ. ಗಜ ಎಷ್ಟೆಂದು ಕೇಳಿದರೆ ಉತ್ತರ ಕಷ್ಟ. ಮರುವರ್ಷವೇ ಆ ನಿಯಮ ಸಡಿಲವಾಯಿತು, ಅದೂ ಮನುಷ್ಯಸಹಜವೇ. ಆದರೂ ಮನಸ್ಸಿನ ಮಾತನ್ನು ಗಜದಲ್ಲಿ ಅಳೆಯಬೇಕೆಂದು ಒಬ್ಬರು ಕೇಳಿದ್ದರಲ್ಲ! ಕಪಾಟು ತೆರೆದಾಗಲೆಲ್ಲ ನನಗೆ ಬೆಳಗಾವಿ ನೆನಪಾಗುತ್ತದೆ.

ಇನ್ನೊಂದು ಕೇಡು ಹೆಣೆದು ಕೊಟ್ಟ ಮೇಲೆ ಶುರುವಾಗುವುದು. "ಕಣ್ಣು ಹಾಳು ಮಾಡಿಕೊಂಡು ಹೆಣೆದದ್ದು, ಒಂದು ದಿನವಾದರೂ ಹಾಕಿದಳೋ ನೋಡು" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿಗೆ ಸ್ವೆಟರು ಉಡುಗೊರೆಯಾಗಿ ಉಳಿಯದೆ ಸಾಲವಾಯಿತು. ತೊಟ್ಟು ತೋರಿಸುವುದೇ ಅದರ ಬಡ್ಡಿ. ಹೆಣೆಯುವಾಗ ಆ ಮನುಷ್ಯನ ಚಿತ್ರ ಮನಸ್ಸಿನಲ್ಲಿತ್ತು ಎಂದೆನಲ್ಲ, ಆ ಚಿತ್ರದ ಹಾಗೆಯೇ ಅವರು ಇರಬೇಕೆಂದು ನಾವು ಹಟ ಹಿಡಿಯುತ್ತೇವೆ. ನಾಳೆ ನಮ್ಮ ಅಳತೆಗೆ ಬೆಳೆಯಬೇಕು ಎಂಬ ಹಟ. ಮಗನ ಓದಿನ ವಿಷಯದಲ್ಲಿ, ಸೊಸೆಯ ಉಡುಪಿನ ವಿಷಯದಲ್ಲಿ ಮನೆಗಳು ಬಿರುಕು ಬಿಡುವುದೂ ಇದೇ ಹಟದಿಂದ ತಾನೇ?

ಇಷ್ಟು ಹೇಳುವಾಗ ನಮ್ಮ ಸುತ್ತಮುತ್ತ ಬೇರೆ ನೂಲು ಹಿಡಿದು ಕೂತ ಹೆಂಗಸರನ್ನು ಮರೆಯಬಾರದು. ಕಾಪುವಿನ ಹತ್ತಿರದ ಶಂಕರಪುರದ ಕಡೆ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾರೆ. ಬಾಳೆನಾರಿನಲ್ಲಿ ಮೊಗ್ಗುಗಳನ್ನು ಪೋಣಿಸಿ ಕಟ್ಟಿದರೆ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಕೊಯ್ದದ್ದು ಅಂದೇ ಹೋಗಬೇಕು, ಬೆಲೆಯೂ ಆ ದಿನದ್ದೇ. ಆ ದಾರದಲ್ಲಿ ನಾಳೆ ಎಂಬುದೇ ಇಲ್ಲ, ಕಟ್ಟಿದವಳ ಸಂಪಾದನೆ ಸಂಜೆಯೊಳಗೆ ನಿಶ್ಚಯವಾಗಿಬಿಡುತ್ತದೆ. ಕಾರ್ಕಳದ ಕಡೆ, ನನ್ನ ಎಷ್ಟೋ ವಿದ್ಯಾರ್ಥಿನಿಯರ ಮನೆಗಳಲ್ಲಿ, ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾರೆ. ಸಾವಿರಕ್ಕಿಷ್ಟು ಎಂದು ಮಜೂರಿ. ನೂಲಿನ ಬಣ್ಣವನ್ನು ಕಟ್ಟುವವಳು ಆರಿಸುವುದಿಲ್ಲ. ಕ್ರೋಶದಲ್ಲೂ ಹೀಗೆ ಉಂಟು. ಆಂಧ್ರದ ನರಸಾಪುರದಲ್ಲಿ ಸಾವಿರಾರು ಹೆಂಗಸರು ಹೊರದೇಶಕ್ಕೆ ಹೋಗುವ ಕ್ರೋಶದ ಲೇಸು ಹೆಣೆಯುತ್ತಿದ್ದುದನ್ನು ಕುರಿತು ಜರ್ಮನಿಯ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನೂಲು ಏಜೆಂಟರು ಕೊಟ್ಟದ್ದು, ವಿನ್ಯಾಸವೂ ಅವರದ್ದು. ಹೆಣೆದವರು ಮಾತ್ರ ಬಿಡುವಿನಲ್ಲಿ ಹೊತ್ತು ಕಳೆಯುವ ಗೃಹಿಣಿಯರೆಂದು ಲೆಕ್ಕಕ್ಕೆ ಬರುತ್ತಿದ್ದರು.

ಆದ್ದರಿಂದ ಅಂಗಡಿಯಲ್ಲಿ ನಿಂತು ತಿಳಿಹಸಿರೋ ತಿಳಿಹಳದಿಯೋ ಎಂದು ಅರ್ಧ ಗಂಟೆ ಯೋಚಿಸುವುದು ಸಣ್ಣ ಭಾಗ್ಯವಲ್ಲ. ತಿಂಗಳ ಸಂಬಳ ಬರುವವಳಿಗೆ, ಮನೆಯಲ್ಲಿ ಒಂದು ಕಪಾಟು ತನ್ನದೆಂದು ಇರುವವಳಿಗೆ, ನಾಳೆ ಇದೆಯೆಂಬ ಧೈರ್ಯ ಇರುವವಳಿಗೆ ಮಾತ್ರ ಅದು ದಕ್ಕುತ್ತದೆ. ಭಾಗ್ಯವನ್ನು ಅನುಭವಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ನಮ್ಮ ಗುಣವೆಂದು ತಿಳಿಯಬಾರದು. "ಅವಳಿಗೆ ಮುಂದಾಲೋಚನೆಯೇ ಇಲ್ಲ" ಎಂದು ಇನ್ನೊಬ್ಬಳನ್ನು ಹಳಿಯುವ ಮುನ್ನ ಅವಳ ಕೈಯಲ್ಲಿರುವ ನೂಲನ್ನು ಆರಿಸಿದವರು ಯಾರೆಂದು ನೋಡಬೇಕು.

ಇಷ್ಟಾದರೂ ಗಾದೆಯ ಜೊತೆಗಿನ ನನ್ನ ಜಗಳ ತೀರಿರಲಿಲ್ಲ. ಅದು ತೀರಿದ್ದು 2018ರಲ್ಲಿ.

ನನ್ನ ಅಕ್ಕನ ಮಗಳನ್ನು ಕಾಪುವಿಗೆ ಕೊಟ್ಟಿದೆ. ಮದುವೆಯಾಗಿ ಆರು ವರ್ಷದ ಮೇಲೆ ಬಸುರಿಯಾದಳು. ನಾನು ಉಡುಪಿಯಿಂದ ತಿಳಿಹಳದಿ ಹತ್ತಿಯ ನೂಲು ತಂದು ಸಣ್ಣದೊಂದು ಸ್ವೆಟರು ಶುರುಮಾಡಿದೆ. ಕರಾವಳಿಯ ಮಗುವಿಗೆ ಹತ್ತಿಯೇ ಸರಿ, ಹಳದಿಯಾದರೆ ಹೆಣ್ಣಿಗೂ ಆಯಿತು ಗಂಡಿಗೂ ಆಯಿತು. ಒಮ್ಮೆ ಕಾಪುವಿಗೆ ಹೋದಾಗ ಕೈಚೀಲದಿಂದ ಕಡ್ಡಿ ತೆಗೆದದ್ದನ್ನು ನೋಡಿ ಅವಳ ಅತ್ತೆ ಮೆಲ್ಲಗೆ ಹೇಳಿದರು: "ಕೂಸು ಬರಲಿ ಟೀಚರೇ, ಆಮೇಲೆ ಎಂತ ಬೇಕಾದರೂ ಮಾಡುವ." ಅವರ ಮನೆಯಲ್ಲಿ ಹೆರಿಗೆಗೆ ಮುಂಚೆ ಮಗುವಿಗೆಂದು ಏನನ್ನೂ ತರುವ ಪದ್ಧತಿ ಇಲ್ಲ. ತೊಟ್ಟಿಲು ಕೂಡ ಅಟ್ಟದಿಂದ ಇಳಿಯುವುದಿಲ್ಲ. ನಾನು ಕಡ್ಡಿಯನ್ನು ಒಳಗಿಟ್ಟೆ. ಹಿರಿಯರ ಮಾತು, ಅವರ ಮನೆ.

ಏಳನೆಯ ತಿಂಗಳಲ್ಲಿ, ಬಯಕೆಯ ಶಾಸ್ತ್ರಕ್ಕೆ ದಿನ ನೋಡುವ ಮೊದಲೇ, ಹೆರಿಗೆಯಾಯಿತು. ಗಂಡುಮಗು, ನನ್ನ ಅಂಗೈಯಿಂದ ಮೊಣಕೈವರೆಗೂ ಇಲ್ಲ. ತೀರ ಎಳೆಯ ಮಕ್ಕಳಿಗೆ ಮೈಯ ಕಾವು ನಿಲ್ಲುವುದಿಲ್ಲ. ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದಾದ್ದರಿಂದ ಕಾವು ತಲೆಯಿಂದಲೇ ಬಹಳಷ್ಟು ಹೋಗುತ್ತದೆ. ಅದಕ್ಕೇ ಮಗುವಿಗೆ ಕುಲಾವಿ ಹಾಕಿ, ಬಟ್ಟೆಯಿಲ್ಲದ ಮೈಯನ್ನು ತಾಯಿಯ ಎದೆಗೆ ಒತ್ತಿ ಇಡುತ್ತಾರೆ. ಕಾಂಗರೂ ಆರೈಕೆ ಎನ್ನುವ ಈ ಕ್ರಮ 1978ರ ಸುಮಾರಿಗೆ ಕೊಲಂಬಿಯದ ಬೊಗೊಟಾದಲ್ಲಿ, ಶಿಶುಗಳಿಗೆ ಸಾಕಷ್ಟು ಕಾವುಪೆಟ್ಟಿಗೆ ಇಲ್ಲದ ಒಂದು ಆಸ್ಪತ್ರೆಯಲ್ಲಿ ಶುರುವಾಗಿ ಈಗ ಎಲ್ಲೆಡೆಯೂ ನಡೆಯುತ್ತಿದೆ. ನಮ್ಮ ಹುಡುಗಿಗೂ ಹಾಗೆ ಮಾಡಲು ಹೇಳಿದರು. ಕುಲಾವಿ? ನಮ್ಮ ಯಾರ ಕೈಯಲ್ಲೂ ಇರಲಿಲ್ಲ. ಇಂಥ ಮಗುವಿನ ತಲೆ ತೀರ ಸಣ್ಣದು, ಅಂಗಡಿಯ ಕುಲಾವಿ ಕುತ್ತಿಗೆಗೆ ಇಳಿಯುತ್ತದೆ. ನರ್ಸ್ ಒಂದು ಡಬ್ಬಿಯಿಂದ ಬಿಳಿಯ ಕುಲಾವಿಯೊಂದನ್ನು ತೆಗೆದು ಹಾಕಿದಳು. ಯಾರೋ ಹೆಣೆದು ಕೊಟ್ಟದ್ದು. ಕೈ ಅಷ್ಟೇನೂ ಪಳಗಿದ್ದಲ್ಲ, ಒಂದು ಕಡೆ ಕುಣಿಕೆ ಬಿಗಿ, ಇನ್ನೊಂದು ಕಡೆ ಸಡಿಲ. ಆದರೆ ತಲೆಗೆ ಸರಿಯಾಗಿ ಕೂತಿತು.

ಮಗು ಒಂಬತ್ತು ದಿನ ಇತ್ತು. ಯಾರ ತಪ್ಪೂ ಇರಲಿಲ್ಲ, ಎಲ್ಲರೂ ತಮ್ಮಿಂದಾದದ್ದನ್ನು ಮಾಡಿದ್ದರು.

ಕಾಪುವಿನ ಮನೆಗೆ ಹಿಂತಿರುಗಿದಾಗ ನನಗೆ ಆ ಅತ್ತೆಯವರ ಮಾತು ಅರ್ಥವಾಯಿತು. ತೊಟ್ಟಿಲು ಅಟ್ಟದಿಂದ ಇಳಿದಿರಲಿಲ್ಲ. ಗೂಟದಲ್ಲಿ ಅಂಗಿ ತೂಗುತ್ತಿರಲಿಲ್ಲ. ಬರಿಗೈಯಲ್ಲಿ ಬಂದ ತಾಯಿಯನ್ನು ಆ ಮನೆಯ ಯಾವ ವಸ್ತುವೂ ಚುಚ್ಚಲಿಲ್ಲ. ನಾವು ಮೂಢನಂಬಿಕೆ ಎಂದು ಪಾಠ ಹೇಳುವ ಪದ್ಧತಿಯನ್ನು, ಮಕ್ಕಳು ಹೆಚ್ಚಾಗಿ ಉಳಿಯದ ಕಾಲದಲ್ಲಿ, ಅಂಥ ಖಾಲಿ ಕುಲಾವಿಯನ್ನು ನೋಡಿದ ಹೆಂಗಸರು ಮಾಡಿರಬೇಕು. ಗಾದೆಯಲ್ಲಿ ಇರುವುದು ಬರೀ ನಗುವಲ್ಲ, ಸೊಸೆಯ ಮೇಲಿನ ಕರುಣೆಯೂ ಉಂಟು. ಹಾಗೆಂದು ಗಾದೆಯೇ ಪೂರ್ತಿ ಸರಿ ಎನ್ನಲೂ ಆಗುವುದಿಲ್ಲ. ಏಕೆಂದರೆ ಆ ಮಗು ಗಾದೆಯನ್ನೇ ತಿರುಗಿಸಿ ಹಾಕಿತ್ತು. ಅದು ಕುಲಾವಿಗೆ ಮುನ್ನ ಬಂದ ಕೂಸು. ಎಲ್ಲರೂ ಗಾದೆಯ ಮಾತು ಕೇಳಿಕೊಂಡು ಕೂತಿದ್ದರೆ ಅದಕ್ಕೆ ಆ ಒಂಬತ್ತು ದಿನ ತಲೆಗೆ ಒಂದು ಅಳತೆಯ ಬಟ್ಟೆಯೂ ಇರುತ್ತಿರಲಿಲ್ಲ. ಯಾರೋ ಒಬ್ಬಳು, ಯಾವುದೋ ಊರಿನಲ್ಲಿ, ಹೆಸರು ಗೊತ್ತಿಲ್ಲದ, ಇನ್ನೂ ಹುಟ್ಟದ ಒಂದು ತಲೆಗಾಗಿ ನೂಲು ಆರಿಸಿದ್ದಳು. ಹೆಸರಿಟ್ಟುಕೊಂಡು ಹೆಣೆದ ನನ್ನ ಸ್ವೆಟರು ಅರ್ಧದಲ್ಲಿತ್ತು. ಹೆಸರಿಲ್ಲದ ಅವಳ ಕುಲಾವಿ ತಯಾರಾಗಿತ್ತು.

ಅರ್ಧವಾದ ಆ ಸ್ವೆಟರನ್ನು ಏನು ಮಾಡುವುದು? ಅಕ್ಕ, ಯಾರ ಕಣ್ಣಿಗೂ ಬೀಳದ ಹಾಗೆ ಸಮುದ್ರಕ್ಕೆ ಬಿಡು ಎಂದಳು. ಯಾವುದಾದರೂ ಬಡ ಮಗುವಿಗೆ ಮುಗಿಸಿ ಕೊಟ್ಟುಬಿಡಿ ಎಂದರು ಒಬ್ಬರು. ನನಗೆ ಎರಡೂ ಸರಿ ಕಾಣಲಿಲ್ಲ. ನೂಲಿಗೆ ದುಡ್ಡು ನನ್ನದು, ಕೈ ನನ್ನದು, ಆದರೆ ಆ ಯೋಜನೆ ನನ್ನದೊಂದೇ ಆಗಿತ್ತೇ? ಇನ್ನೊಬ್ಬರ ಮಗುವಿನ ಮೇಲೆ ಕಟ್ಟಿದ ಆಸೆಯನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಆ ತಾಯಿಯದ್ದು. ಅವಳನ್ನೇ ಕೇಳಿದೆ. "ಇರಲಿ ಚಿಕ್ಕಮ್ಮ, ನನ್ನ ಹತ್ತಿರ ಕೊಡಿ" ಎಂದು ಕಡ್ಡಿಯ ಸಮೇತ ತೆಗೆದುಕೊಂಡು ಹೋದಳು.

ಒಂದು ವರ್ಷ ಅದು ಅವಳ ಪೆಟ್ಟಿಗೆಯಲ್ಲಿತ್ತು. ಮರುವರ್ಷದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದವಳು ಅದನ್ನು ಮೇಜಿನ ಮೇಲಿಟ್ಟು, "ಬಿಚ್ಚಿ ಚಿಕ್ಕಮ್ಮ. ನನ್ನ ಎದುರಿಗೇ ಬಿಚ್ಚಿ" ಎಂದಳು. ಕಡ್ಡಿ ಎಳೆದು ತುದಿ ಹಿಡಿದೆ. ನಾನು ಎಳೆದೆ, ಅವಳು ಉಂಡೆ ಸುತ್ತಿದಳು. ಮಾತಾಡಲಿಲ್ಲ. ಹೆಣೆಯಲು ಎರಡು ವಾರ ಹಿಡಿದದ್ದು ಬಿಚ್ಚಲು ಕಾಲು ಗಂಟೆ ಹಿಡಿಯಲಿಲ್ಲ. ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ, ಕುಣಿಕೆಯಾಗಿದ್ದಾಗಿನ ಸುರುಳಿಯನ್ನು ಹಾಗೆಯೇ ಇಟ್ಟುಕೊಂಡಿರುತ್ತದೆ. ಅದನ್ನು ಲಡಿ ಮಾಡಿ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳಗೊಂದು ಭಾರ ಕಟ್ಟಿ ನೇತುಹಾಕಿದರೆ ಒಣಗುವ ಹೊತ್ತಿಗೆ ಸರಿಯಾಗುತ್ತದೆ. ಮಳೆಗಾಲವಾದ್ದರಿಂದ ಮೂರು ದಿನ ಹಿಡಿಯಿತು. ಆ ಮೂರು ದಿನದಲ್ಲಿ ಅವಳು ಬೇರೆ ನೂಲಿನಲ್ಲಿ ಸೀದಾ-ಉಲ್ಟಾ ಕಲಿತಳು. ಆಮೇಲೆ ಆ ಹಳದಿ ನೂಲಿನಿಂದ ನಾಲ್ಕು ಸಣ್ಣ ಕುಲಾವಿಗ‌ಳಾದವು. ಹತ್ತಿ ಆರಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು, ಆಸ್ಪತ್ರೆಯಲ್ಲಿ ಬಿಸಿನೀರಿನಲ್ಲಿ ಒಗೆಯಬಹುದು. ಹತ್ತಿಗೆ ಎಳೆತ ಕಡಿಮೆಯಾದ್ದರಿಂದ ಅಂಚನ್ನು ಒಂದು ಸೀದಾ ಒಂದು ಉಲ್ಟಾ ಹಾಕಿ ಹಿಡಿತ ಬರಿಸಿದೆವು. ಡಬ್ಬಿ ಇಟ್ಟುಕೊಂಡ ಆ ನರ್ಸಿನ ಕೈಗೆ ಕೊಟ್ಟು ಬಂದಳು. ಯಾರಿಗೆ ಹಾಕಿದಿರಿ ಎಂದು ಮತ್ತೆ ಹೋಗಿ ಕೇಳಲಿಲ್ಲ.

ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದರು. 42 ಅಡಿಯ ಏಕಶಿಲೆ. ಶಾಲೆಯ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದಾಗಲೆಲ್ಲ ಆ ಶಿಲ್ಪಿಗಳ ಧೈರ್ಯ ನೋಡಿ ಬೆರಗಾಗುತ್ತೇನೆ. ಒಂದು ಏಟು ಹೆಚ್ಚು ಬಿದ್ದರೆ ಕಲ್ಲು ಮತ್ತೆ ಕಲ್ಲಾಗುವುದಿಲ್ಲ. ಅಂಥ ಕೆಲಸಕ್ಕೆ ಹೊರಡುವವರು ಮೊದಲೇ ಎಲ್ಲವನ್ನೂ ಗೊತ್ತುಮಾಡಿಕೊಂಡಿರಬೇಕು. ಹೊಲಿಯುವವಳಿಗೂ ಕತ್ತರಿ ಬಿದ್ದ ಮೇಲೆ ಬಟ್ಟೆ ಮತ್ತೆ ಇಡಿಯಾಗುವುದಿಲ್ಲ. ಗಾದೆಯಲ್ಲಿ ಕುಲಾವಿ 'ಹೊಲಿಸಿದರಂತೆ' ಎಂದೇ ಇದೆ, ಹೆಣೆದರಂತೆ ಎಂದಲ್ಲ! ಹೆಣಿಗೆಯಲ್ಲಿ ಮಾತ್ರ ಇಡೀ ಬಟ್ಟೆ ಒಂದೇ ಎಳೆ. ತುದಿ ಹಿಡಿದು ಎಳೆದರೆ ಅದು ತನ್ನ ಮೊದಲಿನ ಸ್ಥಿತಿಗೆ ಬರುತ್ತದೆ, ಇನ್ನೊಬ್ಬರಿಗಾಗಿ ಇನ್ನೊಂದಾಗಲು ಒಪ್ಪುತ್ತದೆ. ನಾಳೆಯ ಬಗ್ಗೆ ನಾವು ಹಾಕುವ ಯೋಜನೆಗಳೂ ಕಲ್ಲಿನ ಹಾಗಿರದೆ ಹೀಗೆ ಇರಬೇಕೆಂದು ನನಗೆ ತೋರುತ್ತದೆ. ಹಾಕಲೇಬಾರದೆಂದರೆ ಬಾರದವರಿಗೆ ಬಾಗಿಲು ಮುಚ್ಚಿದ ಹಾಗೆ. ಹೀಗೆಯೇ ಆಗಬೇಕೆಂದು ಹಟ ಹಿಡಿದರೆ ಬಂದವರನ್ನು ಕಟ್ಟಿಹಾಕಿದ ಹಾಗೆ. ಬೇಕಾದ ನೂಲನ್ನು ಒಂದೇ ಲಾಟಿನಿಂದ ತರೋಣ, ಲೆಕ್ಕ ಸರಿಯಾಗಿ ಹಾಕೋಣ, ಪೂರ್ತಿ ಮನಸ್ಸಿಟ್ಟು ಹೆಣೆಯೋಣ. ಬಿಚ್ಚಬೇಕಾಗಿ ಬಂದರೆ ಬಿಚ್ಚುವ ಶಕ್ತಿಯೂ ಕೈಯಲ್ಲಿರಲಿ. ಯಾವಾಗ ಬಿಚ್ಚಬೇಕೆಂದು ಹೇಳುವ ಮಾತು ಮಾತ್ರ ಯಾರ ನೋವೋ ಅವರದ್ದೇ ಆಗಿರಲಿ.

ಈಗ ನಾನು ನೂಲು ಕೊಳ್ಳುವ ಮೊದಲು ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಎಡಗಡೆ ಹೆಸರು ಇರುವವರು: ಅವರ ಅಳತೆ, ಮೆಚ್ಚಿನ ಬಣ್ಣ, ಬೇಕೇ ಎಂದು ಅವರನ್ನು ಕೇಳಿದ ದಿನ. ಬಲಗಡೆ ಹೆಸರಿಲ್ಲದವರು. ಎಡಗಡೆಯ ಒಂದು ಕೆಲಸ ಮುಗಿದರೆ ಬಲಗಡೆಯದ್ದೊಂದು ಆಗಬೇಕು, ಅದು ಆಗುವ ತನಕ ಹೊಸ ನೂಲು ಇಲ್ಲ. ಅಕ್ಕನ ಮಗಳ ಹತ್ತಿರವೂ ಅಂಥದ್ದೇ ಒಂದು ಪುಸ್ತಕ ಉಂಟು. ಅವಳದ್ದರಲ್ಲಿ ಬಲಗಡೆಯೇ ಉದ್ದ. ಕಳೆದ ಸಲ ಕಾಪುವಿಗೆ ಹೋದಾಗ ಅವಳ ಅತ್ತೆ ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಸೊಸೆಗಾಗಿ ಲಡಿಯನ್ನು ಉಂಡೆ ಸುತ್ತುತ್ತಿದ್ದರು.